ಇಂಟರ್‌ನೆಟ್ಟಿಗೆ ಅಟ್ಟಿದ ದೇವರ ಎತ್ತುಗಳು

ನನ್ನ ಕಾಲು ಬಲು ನಾಜೂಕು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ನನ್ನ ಬಗ್ಗೆ ನಿಮಗೆ ಸುಮ್ಮಸುಮ್ಮನೆ ಗೌರವ ಹುಟ್ಟುವುದಿಲ್ಲ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ನಾನು ಮನೆಯೊಳಗೂ ಚಪ್ಪಲಿ ಮೆಟ್ಟಿಯೇ ಓಡಾಡುತ್ತೇನೆ. ದೇವರ ಕೋಣೆ ಬಂದಾಗ ಹೊಸ್ತಿಲಾಚೆಯೇ ನಿಂತು ಕೈ ಮುಗಿಯುತ್ತೇನೆ. ದೇವರು ಇದುವರೆಗೆ ತಕರಾರು ಮಾಡಿಲ್ಲ.

ಎರಡು ಸಾವಿರದ ಆರರ ಸುಮಾರಿಗೆ ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಫೋಟೋ ತೆಗೆಯುವ ಚಟಕ್ಕಿಂತ ತೋರಿಸುವ ಚಟ ಕೆಟ್ಟದ್ದು. ನಾನು ಕ್ಯಾಮೆರಾ ಹಿಡಿದು ಸ್ಟಾಫ್ ರೂಮಿಗೆ ಬಂದರೆ ಸಹೋದ್ಯೋಗಿಗಳಿಗೆಲ್ಲ ಒಮ್ಮೆಗೇ ಕ್ಲಾಸಿನ ನೆನಪಾಗುತ್ತಿತ್ತು. ಆಗ ದಾರಿ ತೋರಿಸಿದವನು ಬಸ್‌ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆ ಇಟ್ಟಿದ್ದ ಫಯಾಜ್. ಒಂದು ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಫೋಟೋ ಹಾಕಬಹುದಂತೆ, ಕೆಳಗೆ ನಾಲ್ಕು ಮಾತು ಬರೆಯಬಹುದಂತೆ, ಲೋಕವೆಲ್ಲ ನೋಡುತ್ತದಂತೆ. ನಮ್ಮ ಬೀದಿಯ ನೀರಿನ ಟ್ಯಾಂಕು ಹಾಕಿದೆ. ಏಳು ಸಲ ನೋಡಿದ್ದಾರೆಂದು ತೋರಿಸಿತು. ಅದರಲ್ಲಿ ನಾಲ್ಕು ಸಲ ನೋಡಿದವನು ನಾನೇ.

ಆ ಬೇಸಿಗೆಯಲ್ಲಿ ಸಂತೆಗೆ ಬಂದಿದ್ದ ಪಾಲಯ್ಯ ಸಿಕ್ಕಿದ. ದೇವಸಮುದ್ರದ ಕಡೆಯವನು, ದೇವರ ಎತ್ತುಗಳನ್ನು ಕಾಯುವ ಕಿಲಾರಿ. ದೇವರಿಗೆ ಬಿಟ್ಟ ಆ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ, ಮುದಿಯಾದರೂ ಹೊರಗಟ್ಟುವುದಿಲ್ಲ. ದೇವರಿಗೆ ಬಿಟ್ಟದ್ದಕ್ಕೆ ಹೊಟ್ಟೆ ಇರುವುದಿಲ್ಲವೆಂದು ಮಾತ್ರ ಯಾರೂ ಹೇಳಿಲ್ಲ. ಅವು ಮೇಯುವ ಕಾವಲಿನಲ್ಲಿ ಹುಲ್ಲು ಸುಟ್ಟುಹೋಗಿತ್ತು.

"ಫೋಟೋ ಹಾಕೋಣ ಪಾಲಯ್ಯ, ಲೋಕವೆಲ್ಲ ನೋಡ್ತದೆ," ಎಂದೆ.

"ಫೋಟ ನೋಡಿ ಹುಲ್ಲು ಕಳಿಸ್ತಾರೇನ್ರಿ ಮೇಷ್ಟ್ರೇ?"

"ಕಳಿಸ್ತಾರೆ," ಎಂದುಬಿಟ್ಟೆ. ಇಂಟರ್‌ನೆಟ್ಟು ನಮ್ಮ ಸೋದರಮಾವನ ಮನೆಯೇನೋ ಎಂಬಷ್ಟು ಧೈರ್ಯವಾಗಿ.

ಭಾನುವಾರ ಬಸ್ಸು ಹತ್ತಿ ಹೋದೆ. ಎತ್ತುಗಳನ್ನು ಕೂಡುವ ಮುಳ್ಳುಬೇಲಿಯ ರೊಪ್ಪದ ಬಾಗಿಲಲ್ಲಿ ಪಾಲಯ್ಯ, "ಮೆಟ್ಟು ಇಲ್ಲೇ ಬಿಟ್ಟು ಒಳಗ್ ಬರ್ರಿ," ಎಂದ. ದೇವರ ಎತ್ತುಗಳಿರುವಲ್ಲಿ ಮೆಟ್ಟು ಹಾಕಿಕೊಂಡು ಕಾಲಿಡುವಂತಿಲ್ಲ. ನೆಲ ನೋಡಿದೆ. ಒಂದೊಂದು ಜಾಲಿಮುಳ್ಳೂ ನನ್ನ ಹೆಸರು ಹೇಳಿ ಕರೆಯುತ್ತಿತ್ತು. "ಇದಕ್ಕೆ ಜೂಮ್ ಐತೆ ಪಾಲಯ್ಯ, ಇಲ್ಲಿಂದಲೇ ಬರ್ತದೆ," ಎಂದು ಬೇಲಿಯ ಹೊರಗೇ ನಿಂತೆ. ಅವನು ಒಳಗೆ ಹೋಗಿ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಮುದಿ ಎತ್ತಿನ ಕೊರಳು ತಬ್ಬಿ ನಿಂತ. "ಇವ್ನು ಮುತ್ತು. ನಮ್ಮವ್ವ ಸತ್ತ ವರ್ಷ ಹುಟ್ಟಿದ್ದು. ಇವನ್ನ ಚೆಂದಾಗಿ ತೆಗೀರಿ."

ಚೆಂದಾಗಿಯೇ ತೆಗೆದೆ. ಆದರೆ ಕೆಫೆಯ ಇಂಟರ್‌ನೆಟ್ಟು ಎತ್ತಿನ ಗಾಡಿಗಿಂತ ನಿಧಾನ. "ಸಾರ್, ಚಿಕ್ಕದು ಮಾಡಿ ಹಾಕಿ, ಜಲ್ದಿ ಹೋಗ್ತದೆ," ಎಂದ ಫಯಾಜ್. ಬೆರಳುಗುರಿನಷ್ಟು ಮಾಡಿ ಹಾಕಿದೆವು. ಇಂಟರ್‌ನೆಟ್ಟಿನಲ್ಲಿ ಇದೆಯಲ್ಲ, ಇನ್ನೇಕೆ ಎಂದು ಮಾರನೆಯ ದಿನ ಕ್ಯಾಮೆರಾದಿಂದ ಎಲ್ಲವನ್ನೂ ಅಳಿಸಿ, ನೀರಿನ ಟ್ಯಾಂಕಿನ ಮೇಲಿನ ಸೂರ್ಯೋದಯಕ್ಕೆ ಜಾಗ ಮಾಡಿಕೊಂಡೆ.

ನೋಡಿದವರ ಲೆಕ್ಕ ಮುನ್ನೂರು ದಾಟಿತು. ನನಗೆ ಊಟ ರುಚಿಸಲಿಲ್ಲ, ಪಾಠ ರುಚಿಸಲಿಲ್ಲ. 'ಅದ್ಭುತ', 'ಎಂಥ ಬೆಳಕು' ಎಂದೆಲ್ಲ ಬರೆದರು. ಒಬ್ಬ ಪುಣ್ಯಾತ್ಮ ಮಾತ್ರ, 'ಎಷ್ಟು ಎತ್ತುಗಳಿವೆ ತಿಳಿಸಿ, ಮೇವು ಕಳಿಸುತ್ತೇನೆ' ಎಂದು ಬರೆದ. ಪಾಲಯ್ಯನನ್ನು ಕೇಳಿದೆ. "ದೇವ್ರ ಎತ್ತು ಎಣಿಸಬಾರ್ದು ಮೇಷ್ಟ್ರೇ. ಒಂದು ಕಮ್ಮಿಯಾದ್ರೆ ನನ್ ಹೊಟ್ಟೆಗೇ ಗೊತ್ತಾಗ್ತತೆ," ಎಂದ. ಆಹಾ, ಎಂಥ ಮಾತು! ಅಂದಾಜಿಗೊಂದು ಗಾಡಿ ಕಳಿಸಿ ಎಂದು ಬರೆಯುವುದು ಬಿಟ್ಟು, ಎಣಿಸದಿರುವ ಸಂಪ್ರದಾಯದ ಮೇಲೆ ಎರಡು ಪುಟದ ಉಪನ್ಯಾಸ ಬರೆದೆ. 'ಬಹಳ ಸ್ವಾರಸ್ಯಕರ' ಎಂದು ಉತ್ತರ ಬಂತು. ಆಮೇಲೆ ಆ ಪುಣ್ಯಾತ್ಮನ ಸುಳಿವಿಲ್ಲ.

ಸಂತೆಗೆ ಬಂದಾಗಲೆಲ್ಲ ಪಾಲಯ್ಯ ಕೇಳುತ್ತಿದ್ದ: "ಹುಲ್ಲು ಬಂತೇನ್ರಿ?" ನಾನು ಸಮಾಧಾನಕ್ಕೆ ಇತಿಹಾಸದ ಮೊರೆ ಹೋದೆ. ಅದೇ ಕಡೆಯ ಸಿದ್ದಾಪುರದ ಬಂಡೆಯ ಮೇಲೆ ಚಕ್ರವರ್ತಿಯೊಬ್ಬ ಪ್ರಾಣಿಗಳ ಮೇಲೆ ದಯೆಯಿರಲಿ ಎಂದು ಕೆತ್ತಿಸಿದ್ದಾನೆ. ಎರಡು ಸಾವಿರ ವರ್ಷಕ್ಕೂ ಮೇಲಾಯಿತು, ಲೋಕವೆಲ್ಲ ನೋಡಿಹೋಗುತ್ತಿದೆ. ಆ ಬಂಡೆಯ ಪಕ್ಕದಲ್ಲೇ ಮೇಯುವ ದನಕ್ಕೆ ಅದರಿಂದ ಒಂದು ಹಿಡಿ ಹುಲ್ಲು ಹೆಚ್ಚಾಗಿದ್ದು ನನಗಂತೂ ಗೊತ್ತಿಲ್ಲ. ಚಕ್ರವರ್ತಿಗೇ ಆಗದ್ದು ನನಗೆ ಆಗುತ್ತದೆಯೇ? ಸಂಬಳ ಬಂದ ದಿನ ನಾನೇ ನಾಲ್ಕು ಹೊರೆ ಹುಲ್ಲು ಕೊಂಡು ಬಸ್ಸಿನ ಮೇಲೆ ಹಾಕಿಸಬಹುದಿತ್ತು. ಆಣೆ ಮಾಡಿ ಹೇಳುತ್ತೇನೆ, ಆ ಯೋಚನೆ ನನಗೆ ಒಂದು ದಿನವೂ ಬರಲಿಲ್ಲ.

ಮಳೆ ಬರುವ ಮೊದಲೇ ಪಾಲಯ್ಯ ಬಂದ. ಈ ಸಲ ಹುಲ್ಲು ಕೇಳಲಿಲ್ಲ. "ಮುತ್ತು ಹೋದ ಮೇಷ್ಟ್ರೇ. ನಿಮ್ ಕಂಪ್ಯೂಟರ್‌ನಾಗೆ ಅದಾನಲ್ಲ, ಒಂದ್ ಸಲ ತೋರಿಸ್ರಿ."

ಕೆಫೆಗೆ ಕರೆದುಕೊಂಡು ಹೋದೆ. ಫಯಾಜ್ ಫೋಟೋ ತೆರೆದ. ಚಿಕ್ಕದಾಗಿತ್ತು. ದೊಡ್ಡದು ಮಾಡಿದ. ಎತ್ತುಗಳೆಲ್ಲ ಒಡೆದು ಬೂದಿಬಣ್ಣದ ಚೌಕಗಳಾದವು. ಕ್ಯಾಮೆರಾದಲ್ಲಿ ಸೂರ್ಯೋದಯ ಮಾತ್ರ ಇತ್ತು. ಪಾಲಯ್ಯ ಮುಖವನ್ನು ಪರದೆಯ ಹತ್ತಿರ ತಂದು, ಆ ಚೌಕಗಳ ನಡುವೆ ಒಂದು ಬಿಳಿ ಚೌಕದ ಮೇಲೆ ಬೆರಳಿಟ್ಟ. "ಇವ್ನೇ," ಎಂದ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಮೂಲೆಯಲ್ಲಿ ನೋಡಿದವರ ಲೆಕ್ಕಕ್ಕೆ ಇನ್ನೊಂದು ಸೇರಿತ್ತು.

"ಇಷ್ಟು ದೂರ ನಿಂತ್ರೆ ಪಕ್ಕೆಲುಬು ಕಾಣಲ್ಲ ಬಿಡ್ರಿ ಮೇಷ್ಟ್ರೇ," ಎಂದ ಕೊನೆಗೆ, ನನ್ನನ್ನೇ ಸಮಾಧಾನ ಮಾಡುವಂತೆ. "ನೋಡಿದೋರ್ದು ಏನ್ ತಪ್ಪು?"

ತಲೆ ತಗ್ಗಿಸಿದೆ. ಆಗ ಕಂಡಿತು. ಒಳಗೆ ದೇವರ ಎತ್ತುಗಳಿವೆಯೆಂದು ಪಾಲಯ್ಯ ತನ್ನ ಮೆಟ್ಟನ್ನು ಕೆಫೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದ. ನನ್ನದು ನನ್ನ ಕಾಲಲ್ಲೇ ಇತ್ತು.