ಮೂಲೆಯಲ್ಲಿ ಅವ್ವನ ಹೆಸರು

ಖಾಲಿ ಹಾಳೆ ಎಂದರೆ ನನಗೆ ಒಳಗೊಳಗೇ ಅಂಜಿಕೆ. ಚಳ್ಳಕೆರೆಯಲ್ಲಿ ಮನೆ ನಕ್ಷೆ ಬರೆದುಕೊಡುವ ಕಚೇರಿಯಲ್ಲಿ ಕೆಲಸ ಮಾಡುವವಳು ಇದನ್ನು ಹೇಳಿಕೊಳ್ಳಬಾರದು. ಅದಕ್ಕೇ ಕಂಪ್ಯೂಟರಿನಲ್ಲಿ ನನ್ನದೇ ಒಂದು ಟೆಂಪ್ಲೇಟ್ ಮಾಡಿಕೊಂಡೆ. ಸುತ್ತ ಅಂಚಿನ ಗೆರೆ, ಮೇಲೆ ಉತ್ತರ ದಿಕ್ಕಿನ ಬಾಣ, ಕೆಳಗೆ ಬಲಮೂಲೆಯಲ್ಲಿ ಮಾಲೀಕರು, ಅಳತೆ, ಪರಿಶೀಲಿಸಿದವರು ಎಂದು ಪುಟ್ಟ ಪುಟ್ಟ ಚೌಕಗಳು. ತೆರೆದ ಕೂಡಲೇ ಹಾಳೆ ಅರ್ಧ ತುಂಬಿದಂತಿರುತ್ತದೆ, ಎದೆಯೂ.

ಇದು ಮನೆಯಿಂದ ಬಂದ ಗುಣವಿರಬೇಕು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ನಮ್ಮವ್ವ ಕೂಡ ಮೊದಲು ಅಂಚಿನ ಲೆಕ್ಕ, ಒಡಲಿನ ಮಾತು ಆಮೇಲೆ ಎನ್ನುತ್ತಾಳೆ. ಮೂಲೆಯಲ್ಲಿ ಹೆಸರು ಬರೆಯುವ ಚಟವಂತೂ ನಮ್ಮ ಸೀಮೆಗೆ ಬಹಳ ಹಳೆಯದು. ಎರಡು ಸಾವಿರ ವರ್ಷದ ಹಿಂದೆ ಇಲ್ಲೇ ಸಿದ್ದಾಪುರದ ಬಂಡೆಯಲ್ಲಿ ರಾಜನ ಶಾಸನ ಬರೆದವನೂ ಕೊನೆಯಲ್ಲಿ ತನ್ನ ಹೆಸರು ಸೇರಿಸಿದ್ದಾನೆ.

ಬಾಡಿಗೆ ಮನೆಯ ಮಬ್ಬಿನಲ್ಲಿ ನೇಯುವ ಅವ್ವನಿಗೆಂದು, ಯಾರಿಗೂ ಹೇಳದೆ, ನಾನೊಂದು ಮನೆಯ ನಕ್ಷೆ ಬರೆದಿದ್ದೆ. ಮಗ್ಗದ ಕೋಣೆಗೆ ದೊಡ್ಡ ಕಿಟಕಿ. ಅದರದೊಂದು ನಕಲು ತೆಗೆದು, ಗೋಡೆಗಳನ್ನೆಲ್ಲ ಅಳಿಸಿ, ಉಳಿದ ಚೌಕಟ್ಟನ್ನೇ ಟೆಂಪ್ಲೇಟ್ ಮಾಡಿದ್ದೆ. ಮಾಲೀಕರ ಚೌಕದಲ್ಲಿದ್ದ ಹೆಸರು ಅಳಿಸುವುದು ಮರೆತುಹೋಗಿತ್ತು.

ಒಂದು ಬೆಳಿಗ್ಗೆ ದೊಡ್ಡಉಳ್ಳಾರ್ತಿಯ ಕುರಿ ಕಾಯುವ ಅಜ್ಜ, ನಾನು ಬರೆದುಕೊಟ್ಟಿದ್ದ ಅವರ ಮನೆ ನಕ್ಷೆಯ ಸುರುಳಿ ಹಿಡಿದು ಬಂದರು. ಮೊಮ್ಮಗಳ ಕೈಲಿ ಓದಿಸಿದ್ದರಂತೆ.

“ಏನವ್ವ, ಜಾಗ ನಂದು, ಕಲ್ಲು ನಂದು. ಈ ಸಾಕಮ್ಮ ಯಾರು? ನಮ್ಮ ಮುದುಕಿ ನಿನ್ನೆಯಿಂದ ಮಾತು ಬಿಟ್ಟೈತೆ!”

ಕಚೇರಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. “ನಮ್ಮವ್ವ ರೀ” ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅಜ್ಜ ತಣ್ಣಗಾದರು. “ಹಂಗಾದ್ರೆ ಬೈಯಂಗಿಲ್ಲ ಬಿಡು. ಆಯಮ್ಮಂಗೆ ತೋರ್ಸಿದೀಯಾ?”

ತೋರಿಸಿರಲಿಲ್ಲ. ಆಸೆ ಹುಟ್ಟಿಸಿ, ಕಟ್ಟಿಸಲಾಗದೆ ಹೋದರೆ ಎಂಬ ಭಯ. ಆದರೆ ಊರೂರು ಸುತ್ತಿದ ಗುಟ್ಟು ಅವಳೊಬ್ಬಳಿಗೆ ಗೊತ್ತಿಲ್ಲದಿರುವುದು ನ್ಯಾಯವಲ್ಲ ಅನಿಸಿತು.

ಆ ಭಾನುವಾರ ಊರಿಗೆ ಹೋಗಿ ಅವ್ವನ ಮನೆಯ ಹಾಳೆಯನ್ನು ಮಗ್ಗದ ಪಕ್ಕ ಹಾಸಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಬಹಳ ಹೊತ್ತು ನೋಡಿ, ಕಿಟಕಿಯ ಮೇಲೆ ಬೆರಳಿಟ್ಟಳು.

“ಬೆಳಕು ಬೆನ್ನಿಂದೆ ಇಟ್ಟಿದೀಯಲ್ಲೇ. ನನ್ನ ನೆರಳು ನೂಲಿನ ಮೇಲೇ ಬೀಳ್ತೈತೆ. ಎಡಕ್ಕೆ ತಗೋ. ಇಷ್ಟು ಓದಿ ಏನು ಬಂತು?”

ಟೆಂಪ್ಲೇಟಿನ ಮಾಲೀಕರ ಚೌಕ ಈಗ ಖಾಲಿ. ಅಜ್ಜನ ಮನೆಯಲ್ಲಿ ಮಾತು ಮತ್ತೆ ಶುರುವಾಗಿದೆಯಂತೆ. ಅವ್ವನ ಹಾಳೆಯಲ್ಲಿ ಕಿಟಕಿ ಎಡಕ್ಕೆ ಬಂದಿದೆ. ಪರಿಶೀಲಿಸಿದವರ ಚೌಕದಲ್ಲೂ ಸಾಕಮ್ಮ ಎಂದೇ ಬರೆದಿದ್ದೇನೆ. ಮನೆ ಯಾವಾಗ ಏಳುತ್ತದೋ ಗೊತ್ತಿಲ್ಲ. ಎದ್ದ ದಿನ ಅವಳ ನೆರಳು ನೂಲಿನ ಮೇಲೆ ಬೀಳುವುದಿಲ್ಲ, ಅಷ್ಟು ಮಾತ್ರ ಖಾತ್ರಿ.