ಹದಿನಾಲ್ಕನೇ ಮನೆ ಹಸಿರಾಯಿತು

ಹದಿನಾಲ್ಕನೇ ಮನೆ ಮೊದಲ ಸಲ ಹಸಿರಾದಾಗ ನಾನು ನಕ್ಕುಬಿಟ್ಟಿದ್ದೆ. ನನ್ನ ಕೋಡಿನಲ್ಲಿ ಎಂಥ ಪೆದ್ದು ತಪ್ಪು, ಎಂಥ ಬಗ್ ಅಂತ.

ಯಾಕೆಂದರೆ ಆ ಮನೆ ಈಗ ಇಲ್ಲ. ಕಳೆದ ಮಳೆಗಾಲದಲ್ಲೇ ಕಡಲು ಕೊಚ್ಚಿಕೊಂಡು ಹೋಗಿದೆ.

ನಾನು ಹದಿನೆಂಟು ವರ್ಷದಿಂದ ಪ್ರೋಗ್ರಾಮರ್. ಬರೆದದ್ದೆಲ್ಲ ಸರ್ವರ್ ಒಳಗೆ ಓಡುವ ಕೋಡ್, ಯಾರ ಕಣ್ಣಿಗೂ ಬೀಳದ್ದು. ಬೆರಳು ತಾಗಿದರೆ ಬಣ್ಣ ಬದಲಾಗುವಂಥ ವೆಬ್ ಪೇಜ್ ಮಾಡಲು ಕಲಿತದ್ದು ಈ ವರ್ಷ, ತೆಕ್ಕಟ್ಟೆಯ ಮನೆಯಲ್ಲಿ ಕೂತು.

ಒಂದು ಬಟನ್ ನಡುವಿಗೆ ತರಲು ಅರ್ಧ ದಿನ ಒದ್ದಾಡಿದವಳು ನಾನು...

ಅಭ್ಯಾಸಕ್ಕೆಂದು ಮರವಂತೆಯ ಕಡಲ ಬದಿಯ ಮನೆಗಳ ಮ್ಯಾಪ್ ಮಾಡಿದೆ. ಕಡಲು ಜೋರಿದ್ದಾಗ ತಮ್ಮ ಮನೆಯ ಚೌಕ ಒತ್ತಿ, ಒಳಗೆ ಎಷ್ಟು ಜನ ಕ್ಷೇಮ ಎಂದು ಹಾಕಿದರೆ ಅದು ಹಸಿರಾಗುತ್ತದೆ, ರಾತ್ರಿ ತಾನೇ ಬಿಳಿಯಾಗುತ್ತದೆ.

ಮನೆಗಳ ಪಟ್ಟಿ ಕೊಟ್ಟು, ಲಿಂಕ್ ಎಲ್ಲರಿಗೂ ಕಳಿಸಿದವರು ಅಲ್ಲಿನ ಮೀನುಗಾರ ಶೇಖರಣ್ಣ. ಪಟ್ಟಿ ಹಳೆಯದು. ಹೋದ ಮನೆಯೂ ಅದರಲ್ಲಿ ಉಳಿದಿತ್ತು.

ಮರುದಿನ ಮಧ್ಯಾಹ್ನ ಮೂರೂ ನಲವತ್ತಕ್ಕೆ ಅದು ಮತ್ತೆ ಹಸಿರು. ಅದರ ಮರುದಿನವೂ, ಅದೇ ಹೊತ್ತಿಗೆ.

ಕೋಡನ್ನು ಸಾಲು ಸಾಲಾಗಿ ಹುಡುಕಿದೆ. ತಪ್ಪು ಸಿಗಲಿಲ್ಲ. ಕೊನೆಗೆ ಒತ್ತಿದ್ದೆಲ್ಲ ದಾಖಲಾಗುವ ಲಾಗ್ ತೆರೆದರೆ, ಯಾರೋ ನಿಜವಾಗಿಯೇ ಒತ್ತಿದ್ದಾರೆ.

ಒಳಗಿರುವವರು: ಒಬ್ಬರು.

ಹೊರಗೆ ಸುಡು ಬಿಸಿಲು. ಲಾಗ್ ಮುಚ್ಚಿ ಮತ್ತೆ ತೆರೆದೆ, ಅದೇ ಸಾಲು.

ಶೇಖರಣ್ಣನಿಗೆ ಫೋನ್ ಮಾಡಿದೆ. "ಆ ಮನಿಯಗೆ ಯಾರ್ ಇಪ್ದ್ ಮಾರಾಯ್ರೆ? ಅಲ್ಲೀಗ ಬರೀ ನೀರ್" ಎಂದರು.

ಯಾರದ್ದೋ ತಮಾಷೆ ಎಂದುಕೊಂಡು ಆ ಸಂಜೆ ಹದಿನಾಲ್ಕನ್ನು ಅಳಿಸಿದೆ. ಒಂದೇ ಸಾಲಿನ ಕೆಲಸ.

ಮರುದಿನ ಕಡಲು ಜೋರಿತ್ತು. ನಾಲ್ಕು ಗಂಟೆಗೆ ಶೇಖರಣ್ಣನ ಫೋನ್. "ಒಂಚೂರ್ ಬನ್ನಿ. ಗಿರಿಜಕ್ಕ ನೀರಿಗ್ ಇಳ್ದಿರ್. ಹಿಡ್ಕಂಡ್ ಬಂದ್ ಕೂರ್ಸಿದೆ. ನಿಮ್ ಮ್ಯಾಪಿಂದೇ ಮಾತ್."

ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿ ಸ್ಕೂಟರ್ ಹತ್ತಿದೆ.

ಹೈವೇ ಪಕ್ಕದ ಕರಿಕಲ್ಲುಗಳ ಮೇಲೆ ಒಬ್ಬ ಹಿರಿಯ ಹೆಂಗಸು ಕೂತಿದ್ದರು, ಸೊಂಟದ ತನಕ ಸೀರೆ ಒದ್ದೆ. ಹದಿನಾಲ್ಕನೇ ಮನೆ ಅವರದ್ದು, ಈಗ ಇರುವುದು ಮಗಳ ಮನೆಯಲ್ಲಿ ಎಂದು ಶೇಖರಣ್ಣ ಮೆಲ್ಲಗೆ ಹೇಳಿದರು. ಮನೆ ಹೋಗುವ ಮುಂಚೆಯೇ ಗಂಡ ಅದೇ ಮನೆಯಲ್ಲಿ ತೀರಿಕೊಂಡಿದ್ದರಂತೆ.

"ದಿನಾ ಅವ್ರ್ ಚಾ ಹೊತ್ತಿಗೆ ಮಗಳ್ ಮೊಬೈಲಗೆ ಒತ್ತಿ ಕಾಂತಿದ್ದೆ" ಎಂದರು ಗಿರಿಜಕ್ಕ. "ಇವತ್ತ್ ಕಂಡ್ರೆ ಮನಿಯೇ ಇಲ್ಲೆ. ಹಾಂಗಾಯಿ ಕಾಂಬುಕ್ ಹೋದೆ." ಮನೆ ಅಲ್ಲೇ ಇದೆಯೋ ಎಂದು ನೋಡಲೆಂದೇ ನೀರಿಗಿಳಿದಿದ್ದರು.

"ಒಬ್ರ್ ಅಂದೇಳಿ ಎಂತಕೆ ಹಾಕ್ದ್ರಿ ಅಕ್ಕ?" ಎಂದು ಕೇಳಿದೆ.

"ಮತ್ತೆ? ನಾನೀಗ ಅಲ್ಲಿಲ್ಯಲೆ. ಅವ್ರ್ ಒಬ್ರೇ."

ಅವರು ಕೈ ತೋರಿಸಿದ ಕಡೆ ನೋಡಿದೆ. ಅಲೆ ಹಿಂದೆ ಸರಿದಾಗ ಬಾವಿಕಟ್ಟೆಯ ತುಂಡೊಂದು ಕಂಡಿತು... ಮತ್ತೆ ಮುಳುಗಿತು.

ಅಲ್ಲೇ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮನೆಯನ್ನು ವಾಪಸ್ ಹಾಕಿದೆ. ಎಷ್ಟು ಜನ ಕ್ಷೇಮ ಎಂದು ಶೇಖರಣ್ಣ ನೋಡುವ ಲೆಕ್ಕಕ್ಕೆ ಮಾತ್ರ ಅದು ಸೇರದಂತೆ ಮಾಡಿ, ನನ್ನ ಫೋನ್ ಗಿರಿಜಕ್ಕನ ಕೈಗಿಟ್ಟೆ.

ಸೆರಗಿನ ಒಣ ತುದಿಗೆ ಬೆರಳು ಒರೆಸಿಕೊಂಡು ಒತ್ತಿದರು. ಹಸಿರಾಯಿತು.

"ಅವ್ರ್ ಸಮ ಇದ್ರ್" ಎಂದು ಎದ್ದು, ರಸ್ತೆ ದಾಟಿ ಮಗಳ ಮನೆಗೆ ನಡೆದರು. ಕಡಲ ಕಡೆ ತಿರುಗಿಯೂ ನೋಡಲಿಲ್ಲ.

ಈಗ ದಿನಾ ಆ ಹೊತ್ತಿಗೆ ಕೈಯಲ್ಲಿರುವ ಕೆಲಸ ಬಿಟ್ಟು ಆ ಪೇಜ್ ನೋಡುತ್ತಾ ಕೂರುತ್ತೇನೆ.

ಒಂದು ದಿನ ಹಸಿರಾಗದೇ ಹೋದರೆ ನಾನು ಯಾವ ಮನೆಗೆ ಓಡಲಿ, ನೀವೇ ಹೇಳಿ?