ಮುಂದಿನ ಸಾಲಿನ ಕುರ್ಚಿ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು, ಬೀದಿಗೆಲ್ಲ ಗೊತ್ತು. ಮನೆಯ ಮುಂಭಾಗದಲ್ಲೇ ಇಬ್ಬರೂ ಸೇರಿ ಲಾಂಡ್ರಿ ನಡೆಸುತ್ತೇವೆ. ಒಗೆತ ನನ್ನದು, ಇಸ್ತ್ರಿ ಅವಳದು. ಇಷ್ಟು ವರ್ಷದಲ್ಲಿ ಒಂದು ಬಟ್ಟೆಯನ್ನೂ ಸುಟ್ಟವಳಲ್ಲ ಎಂದು ಗಿರಾಕಿಗಳು ಅವಳನ್ನೇ ಹೊಗಳುತ್ತಾರೆ. ಕೊಳೆ ತೆಗೆದವಳನ್ನು ಯಾರು ಕೇಳುತ್ತಾರೆ?

ದೊಡ್ಡ ದೇಶ ನಮ್ಮ ಮೇಲೆ ಏರಿಬಂದಾಗ ಅವಳ ಗಂಡ, ಅಂದರೆ ನನ್ನ ಭಾವ, ಗಡಿಯಲ್ಲಿ ಸತ್ತರು. ಕೆಲವು ವರ್ಷಕ್ಕೆ ಅದೇ ದೇಶ ನಮಗೆ ನೆಂಟನಾಯಿತು. ಅದರ ಜೊತೆ ಸೇರಿ ಇನ್ಯಾರದೋ ನೆಲದಲ್ಲಿ ಯುದ್ಧ ಮಾಡಲು ಹೋದವರು ನನ್ನ ಯಜಮಾನರು. ತಿರುಗಿ ಬಂದರು, ಆದರೆ ಕೈ ನಡುಕ, ಹಗಲೆಲ್ಲ ಕೆಮ್ಮು. ಯೋಧರ ನೆನಪಿನ ದಿನ ಅವಳಿಗೆ ಸರ್ಕಾರದ ಕಾರು ಬರುತ್ತದೆ. ಭಾವನ ಸೈನ್ಯದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಸಮಾರಂಭದ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ನನ್ನವರು ಎದುರಾದರೆ ಜನ ಅಂಗಡಿಗಳ ಬೋರ್ಡು ಓದುತ್ತಾ ನಿಲ್ಲುತ್ತಾರೆ. ಮೈ ಉರಿಯದೆ ಇರುತ್ತದೆಯೇ?

ಈ ವರ್ಷ ನನ್ನವರಿಗೂ ಆ ಸಾಲಿನಲ್ಲಿ ಕುರ್ಚಿ ಬೇಕೆಂದು ಹಟ ಹಿಡಿದೆ. ಎರಡೂ ಯುದ್ಧ ಒಂದೇ ಎಂದು ನಿಮ್ಮ ಓರಗಿತ್ತಿ ಅಕ್ಕ ಒಪ್ಪಿದರೆ ಹಾಕಿಸುತ್ತೇನೆ ಎಂದ ಸಮಾರಂಭದ ಅಧಿಕಾರಿ. ತಾನೇ ಬಂದು ಅವಳನ್ನು ಕೇಳಿದ. ಅವಳು ಭಾವನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆಯನ್ನೂ ಎತ್ತದೆ, ಒಂದೇ ಅಲ್ಲ ಅಂದುಬಿಟ್ಟಳು. ಅವನು ಟೀ ಕುಡಿದು ಹೊರಟುಹೋದ.

ನಾನು ಸುಮ್ಮನಿರುವವಳೇ? ಅದೇ ದೊಡ್ಡ ದೇಶ, ಅದೇ ಗುಂಡು, ಹೋದವರೂ ಒಂದೇ ತಾಯಿಯ ಮಕ್ಕಳು. ನಿನ್ನ ಪಕ್ಕ ಇನ್ನೊಬ್ಬರು ಕೂತರೆ ಹೊಟ್ಟೆಯುರಿ ನಿನಗೆ ಎಂದು ಬಾಯಿಗೆ ಬಂದಂತೆ ಬೈದೆ.

"ಹೂಂ, ಹೊಟ್ಟೆಯುರೀನೇ," ಅಂದಳು. "ನಿನ್ನ ಯುದ್ಧ ಗಂಡನ್ನ ವಾಪಸ್ ಕೊಡ್ತು. ನಂದು ಕುರ್ಚಿ ಕೊಡ್ತು. ಎರಡೂ ಒಂದೇ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅಷ್ಟರಲ್ಲಿ ಒಳಕೋಣೆಯಲ್ಲಿ ನನ್ನವರು ಕೆಮ್ಮಿದರು. ಅಣ್ಣತಮ್ಮಂದಿರ ದನಿ ಚಿಕ್ಕಂದಿನಿಂದಲೂ ಒಂದೇ ಎಂದು ಅತ್ತೆ ಹೇಳುತ್ತಿದ್ದರು. ಇಸ್ತ್ರಿ ಹಿಡಿದ ಅಕ್ಕನ ಕೈ ಕೋಟಿನ ಮೇಲೇ ನಿಂತಿತು. ಕೆಮ್ಮು ಮುಗಿಯುವವರೆಗೂ ಅವಳು ಆ ಬಾಗಿಲನ್ನೇ ನೋಡುತ್ತಿದ್ದಳು. ಸುಟ್ಟ ವಾಸನೆ ಬಂತು. ನಾನೇ ಇಸ್ತ್ರಿಪೆಟ್ಟಿಗೆ ಎತ್ತಿಟ್ಟೆ. ಭಾವನ ಕೋಟಿನ ತೋಳು ಕಂದಿಹೋಗಿತ್ತು.

ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ಹೋಗಿ ಒಳಕೋಣೆಯ ಬಾಗಿಲು ಹಾಕಿಕೊಂಡು ಬಂದೆ.